ಸುರಂಗ ತೋಡಿದ ಊರಿನಿಂದ ಲಾಲ್‌ಬಾಗಿನ ನಡಿಗೆದಾರರಿಗೆ



2025ರ ಅಕ್ಟೋಬರಿನಲ್ಲಿ ನೀವು ಲಾಲ್‌ಬಾಗಿನಲ್ಲಿ ಫಲಕ ಹಿಡಿದು ನಿಂತದ್ದನ್ನು ನಾವಿಲ್ಲಿ ಬೀದರದಲ್ಲಿ ಟೀವಿಯಲ್ಲಿ ನೋಡಿದೆವು. ಬೆಂಗಳೂರಿನ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ 16.7 ಕಿ.ಮೀ. ಉದ್ದದ ಜೋಡಿ ಸುರಂಗ ರಸ್ತೆ, 17 ಸಾವಿರ ಕೋಟಿ ರೂಪಾಯಿಗೂ ಮೇಲಿನ ಅಂದಾಜು ವೆಚ್ಚ, ಅದರ ಬಾಯಿಗಳಲ್ಲೊಂದು ಅಶೋಕ ಸ್ತಂಭದ ಕಡೆಯಿಂದ ಲಾಲ್‌ಬಾಗಿನ ಆರು ಎಕರೆಯಲ್ಲಿ ತೆರೆಯಬೇಕು. ಕಾಗದದ ಮೇಲೆ ಇದ್ದದ್ದು ಇಷ್ಟು. ನೀವು ಕೂಗೆಬ್ಬಿಸಿದಿರಿ. ಉಪಮುಖ್ಯಮಂತ್ರಿಗಳು ಬಂದು ಜಾಗ ನೋಡಿದರು. ಆರು ಎಕರೆ ಬೇಕಿಲ್ಲ, ಲಾಲ್‌ಬಾಗ್ ಕೆಡಿಸುವುದಿಲ್ಲ, ಬೇರೆ ಜಾಗ ಹುಡುಕುತ್ತೇವೆ ಎಂಬ ಮಾತು ಬಂತು. ಮರ ಕಡಿಯುವುದಿಲ್ಲ ಎಂಬ ಮಾತೂ ಬಂತು. ನಿಮ್ಮಲ್ಲಿ ಬಹಳ ಮಂದಿಗೆ ಆ ಕೊನೆಯ ಮಾತಿನಿಂದ ಸಮಾಧಾನವಾದಂತೆ ಕಂಡಿತು. ನನಗೆ ಹೆದರಿಕೆ ಹುಟ್ಟಿದ್ದು ಅಲ್ಲೇ. ಈ ಪತ್ರ ಅದಕ್ಕೇ.

ನಾನು ಭಾಲ್ಕಿ ತಾಲ್ಲೂಕಿನ ಶಾಲೆಗಳಲ್ಲಿ ಭೂಗೋಳ ಕಲಿಸಿ ನಿವೃತ್ತನಾದ ಮಾಸ್ತರ. ಮಗಳ ಮನೆ ಜಯನಗರದಲ್ಲಿದೆ. ಹೀಗಾಗಿ ವರ್ಷಕ್ಕೊಮ್ಮೆ ನಿಮ್ಮ ನಡುವೆ ನಾನೂ ನಡೆಯುತ್ತೇನೆ. ಉಳಿದ ದಿನ ನನ್ನ ನಡಿಗೆ ಇಲ್ಲಿನ ಬರೀದ್ ಶಾಹಿ ಉದ್ಯಾನದಲ್ಲಿ, ಅಲಿ ಬರೀದನ ಗೋರಿಯ ಸುತ್ತ. 700 ಕಿ.ಮೀ. ದೂರದ ಊರಿನವನಿಗೆ ನಿಮ್ಮ ಉದ್ಯಾನದ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಕೇಳಬೇಕು ಕೂಡ. ಉತ್ತರ ಇಷ್ಟೇ: ಊರಿನ ಅಡಿಯಲ್ಲಿ ಸುರಂಗ ಹೋದರೆ ನೆಲಕ್ಕೆ ಏನಾಗುತ್ತದೆ ಎನ್ನುವುದನ್ನು 500 ವರ್ಷಗಳಿಂದ ಕಂಡುಂಡ ಊರು ನಮ್ಮದು.

ಅಹ್ಮದ್ ಶಾ ವಲಿ ಬಹಮನಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದದ್ದು 15ನೇ ಶತಮಾನದ ಮೊದಲ ಅರ್ಧದಲ್ಲಿ. ಗುಡ್ಡದ ಮೇಲಿನ ಊರು, ಸುತ್ತ ಕಣಿವೆ. ಕೋಟೆಗೆ ಹೇಳಿ ಮಾಡಿಸಿದ ಜಾಗ, ನೀರಿಗೆ ಮಾತ್ರ ಕಷ್ಟದ ಜಾಗ. ಆ ನೀರಿಗಾಗಿ ಇರಾನಿನ ಕಡೆಯ ಕೌಶಲ ಬಂತು. ಎತ್ತರದಲ್ಲಿ ಒಂದು ತಾಯಿ ಬಾವಿ ತೋಡಿ, ಅಲ್ಲಿಂದ ಕಂಡೂ ಕಾಣದಷ್ಟು ಇಳಿಜಾರಿನಲ್ಲಿ ನೆಲದೊಳಗೇ ಕಾಲುವೆ ಕೊರೆದು, ನೀರನ್ನು ತಗ್ಗಿನ ಬಾಯಿಗೆ ತರುವ ವ್ಯವಸ್ಥೆ ಅದು. ನಾವು ಅದನ್ನು ಕರೇಜ್ ಎನ್ನುತ್ತೇವೆ, ಸುರಂಗ ಬಾವಿ ಎಂದೂ ಅನ್ನುವವರಿದ್ದಾರೆ. ನೌಬಾದ್, ಶುಕ್ಲತೀರ್ಥ, ಜಮ್ನಾ ಮೋರಿ ಎಂದು ಮೂರು ಇವೆ. ನೌಬಾದಿನದು ಮೂರು ಕಿ.ಮೀ.ಗಿಂತ ಉದ್ದ, ದಾರಿಯುದ್ದಕ್ಕೂ 21 ಗಾಳಿಬಾವಿಗಳು. ಮೋಟಾರಿಲ್ಲ, ಏತವಿಲ್ಲ. ನೀರು ತನ್ನ ಭಾರಕ್ಕೆ ತಾನೇ ಹರಿದು ಬರುತ್ತಿತ್ತು.

ಇದು ಬೀದರಿನಲ್ಲಿ ಸಾಧ್ಯವಾದದ್ದು ಇಲ್ಲಿನ ಕಲ್ಲಿನ ಗುಣದಿಂದ. ಮೇಲೆ ಹತ್ತಾರು ಅಡಿ ಜಂಬಿಟ್ಟಿಗೆ, ಅಂದರೆ ಲ್ಯಾಟರೈಟ್, ಜೇನುಹುಟ್ಟಿನ ಹಾಗೆ ತೂತು ತೂತು. ಕೆಳಗೆ ಬಿಗಿಯಾದ ಬಸಾಲ್ಟ್. ಮಳೆನೀರು ಮೇಲಿನದರಲ್ಲಿ ಇಳಿದು, ಕೆಳಗಿನದರ ಮೇಲೆ ನಿಂತು, ಗುಡ್ಡದ ಅಂಚಿಗೆ ಒಸರುತ್ತದೆ. ನಾನಕ್ ಝೀರಾದ ಸಿಹಿನೀರು, ಪಾಪನಾಶದ ಬುಗ್ಗೆ, ಎದೆಮಟ್ಟದ ನೀರಿನಲ್ಲಿ ನಡೆದು ದೇವರನ್ನು ಕಾಣುವ ಝರಣಿ ನರಸಿಂಹನ ಗವಿ ಎಲ್ಲವೂ ಆ ಅಂಚಿನ ಮಕ್ಕಳೇ. ಭಾಲ್ಕಿ, ಔರಾದ್ ಕಡೆಗೆ ಇಳಿದರೆ ಕಪ್ಪು ಎರೆಭೂಮಿ, ಅದರಡಿ ಬರೀ ಬಸಾಲ್ಟ್. ಅಲ್ಲಿ ಈ ಭಾಗ್ಯವಿಲ್ಲ. ಔರಾದಿನ ರೈತನಿಗೆ ಬೋರ್ ಹಾಕಿಸುವುದೆಂದರೆ ಇವತ್ತಿಗೂ ಜೂಜು.

ಈಗ ಭೂಗೋಳದ ಪಾಠ ಬಿಟ್ಟು ನಿಮ್ಮ ವಿಷಯಕ್ಕೆ ಬರುತ್ತೇನೆ. ನೆಲದೊಳಗೆ ಕೊರೆದ ಯಾವ ದಾರಿಯೇ ಆಗಲಿ, ಅದನ್ನು ಯಾತಕ್ಕಾಗಿ ಕೊರೆದಿರೋ ನೀರಿಗೆ ಗೊತ್ತಿಲ್ಲ. ಬಹಮನಿಗಳು ನೀರಿಗಾಗಿ ಕೊರೆದರು, ನೀರು ಬಂತು. ಕಾರಿಗಾಗಿ ಕೊರೆದರೂ ನೀರು ಬರುತ್ತದೆ. ಕಾಸರಗೋಡು, ದಕ್ಷಿಣ ಕನ್ನಡದ ಅಡಿಕೆ ತೋಟದವರು ಇದನ್ನು ನಮಗಿಂತ ಚೆನ್ನಾಗಿ ಹೇಳಬಲ್ಲರು. ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗಗಳನ್ನು ಕೊರೆದು, ಹಲವು ಒಣಗಿಹೋದರೂ ಬಿಡದೆ ಕೊನೆಗೆ ನೀರು ಕಂಡರು, ತೋಟ ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರು ನೀರಿಗಾಗಿ ಬೆವರು ಸುರಿಸಿ ಮಾಡಿದ್ದನ್ನು ದೊಡ್ಡ ಯಂತ್ರವೊಂದು ಬೇಡದಿದ್ದರೂ ಮಾಡಿಬಿಡುತ್ತದೆ.

ನಾರ್ವೆ ದೇಶದ ರಾಜಧಾನಿ ಓಸ್ಲೋದಲ್ಲಿ ಆದದ್ದು ಅದೇ. ಊರಿನ ಪೂರ್ವಕ್ಕೆ ಓಸ್ಟ್‌ಮಾರ್ಕಾ ಎಂಬ ಕಾಡಿದೆ. ಭಾನುವಾರ ಬಂತೆಂದರೆ ನಗರದ ಜನ ನಡೆಯಲಿಕ್ಕೆ ಹೋಗುವ ಜಾಗ. ಹೊಸ ವಿಮಾನ ನಿಲ್ದಾಣದ ರೈಲಿಗಾಗಿ ಆ ಕಾಡಿನಡಿ ಹದಿನಾಲ್ಕೂವರೆ ಕಿ.ಮೀ. ಉದ್ದದ ರೊಮೆರಿಕ್ಸ್‌ಪೋರ್ಟೆನ್ ಸುರಂಗ ಕೊರೆದರು. ಕಾಡಿನ ಒಂದು ಮರಕ್ಕೂ ಕೊಡಲಿ ಬೀಳಬೇಕಿರಲಿಲ್ಲ. 1997ರಲ್ಲಿ ಸುರಂಗದೊಳಕ್ಕೆ ನೀರು ಸುರಿಯಲಾರಂಭಿಸಿತು. ಮೇಲಿನ ಕಾಡಿನಲ್ಲಿ ಪುತ್‌ಯೆರ್ನ್ ಎಂಬ ಸಣ್ಣ ಕೆರೆ ಬರಿದಾಯಿತು, ಲುಟ್‌ವಾನ್ ಎಂಬ ದೊಡ್ಡ ಕೆರೆಯ ಮಟ್ಟ ಕುಸಿಯಿತು. ಸೋರಿಕೆ ಮುಚ್ಚುವುದರಲ್ಲಿ ಕಾಲ ಕಳೆದು, 1998ರಲ್ಲೇ ವಿಮಾನ ನಿಲ್ದಾಣ ತೆರೆದಿದ್ದರೂ ಸುರಂಗ ತೆರೆದದ್ದು 1999ರ ಆಗಸ್ಟಿಗೆ. ಅದೇ ವರ್ಷಗಳಲ್ಲಿ ಪಕ್ಕದ ಸ್ವೀಡನ್ನಿನ ಹಲ್ಲಂದ್ಸೋಸ್ ಗುಡ್ಡದಲ್ಲಿ ಸೋರುವ ಸುರಂಗವನ್ನು ಮುಚ್ಚಲಿಕ್ಕೆ ಹಾಕಿದ ರಾಸಾಯನಿಕ ತೊರೆಗೆ ಸೇರಿ ದನಕರುಗಳಿಗೆ ವಿಷವೇರಿತು. 1992ರಲ್ಲಿ ಶುರುವಾದ ಎಂಟೂಮುಕ್ಕಾಲು ಕಿ.ಮೀ. ಸುರಂಗದಲ್ಲಿ ರೈಲು ಓಡಿದ್ದು 2015ರ ಕೊನೆಗೆ. ಇವು ಹಣವಿಲ್ಲದ, ಎಂಜಿನಿಯರುಗಳಿಲ್ಲದ ದೇಶಗಳಲ್ಲ.

ಓಸ್ಲೋದಲ್ಲಿ ಮರ ಎಣಿಸಿದ್ದರೆ ಲೆಕ್ಕ ಸೊನ್ನೆ ಬರುತ್ತಿತ್ತು. ಹಾನಿ ಬಂದದ್ದು ಯಾರೂ ಎಣಿಸದ ಕಡೆಯಿಂದ.

ನೀವು ಮರ ಎಣಿಸಲಿಕ್ಕೆ ಕಲಿತದ್ದು ಸೇತುವೆಗಳ ಕಾಲದಲ್ಲಿ. ಅದಕ್ಕೆ ನಿಮಗೆ ನಮಸ್ಕಾರ. 2009ರಲ್ಲಿ ಮೆಟ್ರೋಗಾಗಿ ಲಾಲ್‌ಬಾಗಿನ ಗೋಡೆ ಒಡೆದಾಗ, ನಂದಾ ರಸ್ತೆಯ ಮರಗಳು ಉರುಳಿದಾಗ ನೀವು ಬೀದಿಗಿಳಿದಿರಿ. ಆಗ ಸೋತಿರಿ. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಮೇಲ್ಸೇತುವೆ ಬಂದಾಗ 812 ಮರಗಳು ಎಂಬ ಒಂದು ಸಂಖ್ಯೆ ಇಡೀ ನಗರದ ಬಾಯಲ್ಲಿತ್ತು. ಸಾವಿರಾರು ಜನ ಕೈ ಕೈ ಹಿಡಿದು ನಿಂತರು, ಹಸಿರು ನ್ಯಾಯಮಂಡಳಿ ತಡೆ ಕೊಟ್ಟಿತು, 2017ರ ಮಾರ್ಚಿನಲ್ಲಿ ಸರ್ಕಾರ ಕೈಬಿಟ್ಟಿತು. ಸೇತುವೆಗೆ ಈ ಒಂದು ಗುಣವಿದೆ: ಅದು ತಿನ್ನುವುದನ್ನು ಎಲ್ಲರ ಎದುರಿಗೇ ತಿನ್ನುತ್ತದೆ. ನೆರಳು ಎಲ್ಲಿ ಬೀಳುತ್ತದೆ, ಕಂಬ ಎಲ್ಲಿ ಊರುತ್ತದೆ, ಯಾವ ಕೊಂಬೆಗೆ ತಗಲುತ್ತದೆ ಎಂದು ಹತ್ತನೇ ಇಯತ್ತೆಯ ಹುಡುಗ ಸಹ ಬೆರಳು ಮಾಡಿ ತೋರಿಸಬಹುದು. ಬೇಡವಾದ ದಿನ ಕಿತ್ತೂ ಹಾಕಬಹುದು. ಸೋಲ್ ನಗರದವರು ಚಾಂಗ್‌ಗೆಚಾನ್ ಹೊಳೆಯ ಮೇಲಿದ್ದ ಎತ್ತರದ ಹೆದ್ದಾರಿಯನ್ನು 2003ರಿಂದ ಒಡೆದು, 2005ಕ್ಕೆ ಹೊಳೆಯನ್ನು ಮತ್ತೆ ಬಿಸಿಲಿಗೆ ತಂದರು. ಸುರಂಗವನ್ನು ಹಾಗೆ ಕಿತ್ತುಹಾಕಿದ ಊರು ನನಗೆ ಗೊತ್ತಿಲ್ಲ. ಮುಚ್ಚಬಹುದು. ಆದರೆ ಒಮ್ಮೆ ತಿರುಗಿದ ಅಂತರ್ಜಲದ ಹಾದಿಯನ್ನು ಸಿಮೆಂಟು ಪೂರ್ತಿ ಹಿಂದಕ್ಕೆ ತಿರುಗಿಸುತ್ತದೆ ಎಂಬ ಭರವಸೆಯಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ನಾನು ಸುರಂಗದ ವೈರಿ ಎಂದುಕೊಳ್ಳಬೇಡಿ. ಬೀದರ–ಕಲಬುರಗಿ ರೈಲಿಗಾಗಿ ನಾವು ಎರಡು ದಶಕ ಕಾದೆವು. ಮರಗುತ್ತಿಯ ಗುಡ್ಡದಲ್ಲಿ ಒಂದೂವರೆ ಕಿ.ಮೀ.ಗೂ ಉದ್ದದ ಸುರಂಗ ಮುಗಿದು, 2017ರ ಅಕ್ಟೋಬರಿನಲ್ಲಿ ರೈಲು ಓಡಿದ ದಿನ ಪೇಢೆ ಹಂಚಿದವರಲ್ಲಿ ನಾನೂ ಇದ್ದೆ. ಮ್ಯಾಡ್ರಿಡ್ ನಗರದವರು ಹೊಳೆಯ ದಂಡೆಯನ್ನು ತಿಂದಿದ್ದ ಎಂ-30 ಹೆದ್ದಾರಿಯನ್ನೇ ನೆಲದೊಳಕ್ಕೆ ಇಳಿಸಿ, ಮೇಲೆ ಉದ್ಯಾನ ಬೆಳೆಸಿದರು. 2011ರಲ್ಲಿ ಪೂರ್ತಿ ತೆರೆದ ಆ ಉದ್ಯಾನವನ್ನು ನಾಳೆ ನಿಮ್ಮೆದುರು ಯಾರಾದರೂ ಉದಾಹರಣೆಗೆ ಎತ್ತಿಯೇ ಎತ್ತುತ್ತಾರೆ, ನೋಡುತ್ತಿರಿ. ಆಗ ಒಂದು ಪ್ರಶ್ನೆ ಕೇಳಿ: ಅಲ್ಲಿ ಇದ್ದ ರಸ್ತೆ ಕೆಳಗಿಳಿದು ಮೇಲೆ ಹಸಿರು ಬಂತು. ಇಲ್ಲಿ ಕೆಳಗೆ ಹೊಸ ರಸ್ತೆ ಬಂದರೆ ಮೇಲಿನ ಯಾವ ರಸ್ತೆ ಉದ್ಯಾನವಾಗುತ್ತದೆ? ಹೊಸೂರು ರಸ್ತೆಯೇ, ಬಳ್ಳಾರಿ ರಸ್ತೆಯೇ? ಒಂದೂ ಆಗುವುದಿಲ್ಲ. ಮೇಲಿನ ಕಾರು ಮೇಲೆ, ಕೆಳಗಿನ ಕಾರು ಕೆಳಗೆ.

ಲಾಲ್‌ಬಾಗಿನ ನೆಲ ಬೀದರಿನಂಥದಲ್ಲ, ಒಪ್ಪುತ್ತೇನೆ. ನಮ್ಮ ಬಸಾಲ್ಟಿಗೆ ಆರೂವರೆ ಕೋಟಿ ವರ್ಷ. ಕೆಂಪೇಗೌಡರ ಗೋಪುರ ಹೊತ್ತ ನಿಮ್ಮ ಬಂಡೆಗೆ 300 ಕೋಟಿ ವರ್ಷ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಅಂಥ ನೈಸ್ ಶಿಲೆಯ ಒಡಲಲ್ಲಿ ನೀರಿಲ್ಲ, ಅದರ ಬಿರುಕಿನಲ್ಲಿದೆ. ಮತ್ತು ಅದಕ್ಕಿಂತ ಹೆಚ್ಚಾಗಿ ಬಂಡೆಯ ಮೇಲೆ ಕೊಳೆತು ಮೆದುವಾದ ಪದರದಲ್ಲಿದೆ. ಬಾವಿಗಳ ಕಾಲದ ಬೆಂಗಳೂರು ಬದುಕಿದ್ದು ಆ ಪದರದ ಮೇಲೆ. ಸುರಂಗದ ಪರವಾಗಿರುವವರು ಹೇಳುವುದು ಹೀಗೆ: ನಾವು ಆಳದಲ್ಲಿ, ಗಟ್ಟಿ ಬಂಡೆಯಲ್ಲಿ ಹೋಗುತ್ತೇವೆ, ಮೇಲಿನ ನೀರಿನ ತಂಟೆಗೆ ಬರುವುದಿಲ್ಲ. ಈ ಮಾತು ಅರ್ಧ ನಿಜ. ಕೊಳವೆ ಆಳದಲ್ಲಿರುತ್ತದೆ, ಸರಿ. ಆದರೆ ಕಾರು ಆಳಕ್ಕೆ ಇಳಿಯಬೇಕಲ್ಲ? ಇಳಿಯುವ ರ್‍ಯಾಂಪು, ಯಂತ್ರ ಇಳಿಸುವ ಗುಂಡಿ, ಗಾಳಿಯ ಬಾವಿ ಎಲ್ಲವೂ ಆ ಮೆದು ಪದರವನ್ನು ಮೇಲಿಂದ ಕೆಳತನಕ ಸೀಳಿಕೊಂಡೇ ಹೋಗಬೇಕು. ಅಗೆಯುವಾಗ ಗುಂಡಿಗೆ ನುಗ್ಗುವ ನೀರನ್ನು ಹಗಲೂ ರಾತ್ರಿ ಪಂಪಿನಿಂದ ಎತ್ತಿ ಚರಂಡಿಗೆ ಬಿಡುತ್ತಾರೆ. ಮುಗಿದ ಮೇಲೆ ಎರಡೂ ಬದಿಗೆ ಕಾಂಕ್ರೀಟಿನ ಗೋಡೆ ನಿಲ್ಲುತ್ತದೆ. ಅಲ್ಲಿಯವರೆಗೆ ಮೋರಿಯಾಗಿದ್ದದ್ದು ಈಗ ಒಡ್ಡಾಗುತ್ತದೆ. ಒಡ್ಡಿನ ಒಂದು ಬದಿಗೆ ನೀರು ತಂಗಿ ಬೇರು ಕೊಳೆಯಬಹುದು, ಇನ್ನೊಂದು ಬದಿಗೆ ಒಣಗಬಹುದು. ಯಾವ ಬದಿಯಲ್ಲಿ ಏನು ಎಂದು ಹೇಳಬೇಕಾದರೆ ಮೊದಲು ನೀರು ಈಗ ಯಾವ ಕಡೆ ಹರಿಯುತ್ತಿದೆ ಎನ್ನುವುದು ಗೊತ್ತಿರಬೇಕು.

ಗೊತ್ತುಮಾಡಿಕೊಳ್ಳುವುದು ಕಷ್ಟವೂ ಅಲ್ಲ, ದುಬಾರಿಯೂ ಅಲ್ಲ. ಉದ್ಯಾನದ ಸುತ್ತ, ಸಿದ್ದಾಪುರ, ವಿಲ್ಸನ್ ಗಾರ್ಡನ್, ಜಯನಗರ, ಬಸವನಗುಡಿಯ ಕಡೆ ಹತ್ತಿಪ್ಪತ್ತು ವೀಕ್ಷಣಾ ಬಾವಿ ಕೊರೆದು, ಒಂದು ಮಳೆಗಾಲ, ಒಂದು ಬೇಸಿಗೆ ನೀರಿನ ಮಟ್ಟ ಬರೆದಿಟ್ಟರೆ ಆಯಿತು. 17 ಸಾವಿರ ಕೋಟಿಯ ಯೋಜನೆಯಲ್ಲಿ ಇದು ಚಹಾಪಾನಿ ಖರ್ಚು. ಬೆಂಗಳೂರಿನ ನೆಲದ ಒಳಗು ಊಹೆಗೆ ಸಿಗುವಂಥದಲ್ಲ ಎನ್ನುವುದಕ್ಕೆ ನಿಮ್ಮ ಮೆಟ್ರೋ ಮೊದಲ ಹಂತದ ಗೋದಾವರಿ ಎಂಬ ಕೊರೆಯುವ ಯಂತ್ರವೇ ಸಾಕ್ಷಿ. ಇಲ್ಲಿ ಬಂಡೆ, ಅಲ್ಲಿ ಮೆದು ಮಣ್ಣು, ಮತ್ತೆ ಬಂಡೆ ಎಂದು ಸಿಕ್ಕು ಚಿಕ್ಕಪೇಟೆ–ಮೆಜೆಸ್ಟಿಕ್ ನಡುವೆ ಅದು ಎಷ್ಟು ಕಾಲ ಸಿಕ್ಕಿಹಾಕಿಕೊಂಡಿತ್ತು ಎನ್ನುವುದು ಆ ಮೇಲಿನ ಅಂಗಡಿಯವರಿಗೆ ನೆನಪಿದೆ.

ನಮ್ಮ ಕರೇಜ್ ಕಲಿಸಿದ ಇನ್ನೊಂದು ಸಂಗತಿಯಿದೆ. ಸುರಂಗ ಎಷ್ಟೇ ಆಳದಲ್ಲಿ ಹೋಗಲಿ, ಉಸಿರಾಡಲು ಮೇಲೆ ಬರಲೇಬೇಕು. ನೌಬಾದಿನಲ್ಲಿ 21 ಸಲ ಬಂದಿದೆ. ಆ ಗಾಳಿಬಾವಿಗಳ ಸುತ್ತ ನಾವೇನು ಮಾಡಿದೆವು ಗೊತ್ತೇ? ಮನೆ ಕಟ್ಟಿದೆವು, ರಸ್ತೆ ಎಳೆದೆವು, ಕಸ ಸುರಿದೆವು. ಅಡಿಯಲ್ಲಿ ಏನಿದೆ ಎಂಬ ಅರಿವೇ ಇಲ್ಲದೆ ಬಾವಿಗಳನ್ನು ಒಂದೊಂದಾಗಿ ಮುಚ್ಚಿದೆವು. ಗಾಳಿಬಾವಿ ಮುಚ್ಚಿದ ಮೇಲೆ ಒಳಗೆ ಹೂಳು ತುಂಬಿತು, ನೀರು ನಿಂತಿತು. ಕೇರಳದಿಂದ ಬಂದ ಭೂಗೋಳ ಪ್ರಾಧ್ಯಾಪಕ ವಿ. ಗೋವಿಂದನ್‌ಕುಟ್ಟಿ ಅವರು ಊರಿನ ಯುವಕರ ಜತೆ ಸೇರಿ ಹಗ್ಗ ಕಟ್ಟಿ ಇಳಿದು ನಕ್ಷೆ ಮಾಡುವವರೆಗೆ ನಮ್ಮ ಪಾಲಿಗೆ ಅವು ಹಾಳುಬಾವಿಗಳು. ಆಮೇಲೆ ಜಿಲ್ಲಾಡಳಿತ ಹೂಳೆತ್ತಿಸಿತು. ಮಣ್ಣು ಹೊರಗೆ ಬಂದಂತೆ ಒಳಗೆ ನೀರು ಮತ್ತೆ ಕಾಣಿಸಿತು. 500 ವರ್ಷದ ಹಿಂದಿನ ಇಳಿಜಾರು ಇನ್ನೂ ಕೆಲಸ ಮಾಡುತ್ತಿತ್ತು. (ಈ ಕೆಲಸಕ್ಕೆ ನಿಮ್ಮ ಲಾಲ್‌ಬಾಗಿಗೆ ಸೇರಿದ ಜನರ ಹತ್ತನೇ ಒಂದು ಪಾಲು ಇಲ್ಲಿ ಸೇರಿದ್ದರೆ ಉಳಿದ ಬಾವಿಗಳೂ ತೆರೆದಿರುತ್ತಿದ್ದವು. ಹೊಟ್ಟೆಕಿಚ್ಚು ಎಂದುಕೊಳ್ಳಿ, ಬೇಸರವಿಲ್ಲ.)

ಆದ್ದರಿಂದ ಸುರಂಗ ರಸ್ತೆಯ ನಕ್ಷೆ ಎದುರಿಗೆ ಬಂದಾಗ ಉದ್ದನೆಯ ಗೆರೆಯನ್ನು ನೋಡಬೇಡಿ, ಚುಕ್ಕಿಗಳನ್ನು ನೋಡಿ. ಅದು ಎಲ್ಲೆಲ್ಲಿ ಮೇಲೆ ಬರುತ್ತದೆ? ರ್‍ಯಾಂಪು ಎಲ್ಲಿ, ಹೊಗೆ ಬಿಡುವ ಗೋಪುರ ಎಲ್ಲಿ, ಬೆಂಕಿ ಬಿದ್ದರೆ ಜನ ಹತ್ತಿ ಬರುವ ಮೆಟ್ಟಿಲು ಎಲ್ಲಿ, ಕೊರೆಯುವ ಯಂತ್ರ ಇಳಿಸಲು ವರ್ಷಗಟ್ಟಲೆ ಬೇಲಿ ಹಾಕಿಡುವ ಅಂಗಳ ಎಲ್ಲಿ? ಉದ್ಯಾನದ ಮಟ್ಟಿಗೆ ಸುರಂಗವೆಂದರೆ ಈ ಚುಕ್ಕಿಗಳೇ. ಹೊಗೆಯ ಸಂಗತಿಯೊಂದನ್ನೇ ತೆಗೆದುಕೊಳ್ಳಿ. ಮೇಲಿನ ರಸ್ತೆಯಲ್ಲಿ ಕಾರು ಉಗುಳಿದ್ದು ದಾರಿಯುದ್ದಕ್ಕೂ ಹರಡುತ್ತದೆ. ಸುರಂಗದಲ್ಲಿ ಅಷ್ಟೂ ಕೂಡಿಟ್ಟುಕೊಂಡು ಕೆಲವೇ ಬಾಯಿಗಳಲ್ಲಿ ಹೊರಗೆ ಬರುತ್ತದೆ. ಸಿಡ್ನಿಯ ಎಂ5 ಈಸ್ಟ್ ಎಂಬ ನಾಲ್ಕು ಕಿ.ಮೀ. ಸುರಂಗ 2001ರಲ್ಲಿ ತೆರೆದಾಗ ಹೊಗೆಯನ್ನೆಲ್ಲ ಟರೆಲ್ಲಾ ಎಂಬ ಬಡಾವಣೆಯ ಒಂದೇ ಗೋಪುರದಿಂದ, ಸೋಸದೆ ಬಿಟ್ಟರು. ಅಲ್ಲಿನ ಜನ ವರ್ಷಗಟ್ಟಲೆ ಜಗಳ ಆಡಿದರು. ಬೆಳಗಿನ ಆರು ಗಂಟೆಗೆ ಒಳ್ಳೆಯ ಗಾಳಿಗೆಂದು ಬರುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಗೆದ ಕಲ್ಲಿನ ಲೆಕ್ಕವನ್ನೂ ಯಾರಾದರೂ ಮಾಡಬೇಕು. ನಾನು ಮಾಸ್ತರನ ಹಾಗೆ ಹಲಗೆ ಲೆಕ್ಕ ಹಾಕಿದೆ. ಮೂರು ಲೇನಿನ ಒಂದು ಕೊಳವೆಗೆ 14 ಮೀಟರ್ ವ್ಯಾಸ ಹಿಡಿಯೋಣ. ಎರಡು ಕೊಳವೆ, 16.7 ಕಿ.ಮೀ. ಉದ್ದ. ಐವತ್ತೊಂದು ಲಕ್ಷ ಘನ ಮೀಟರ್ ಕಲ್ಲು ಬರುತ್ತದೆ. ಒಡೆದ ಕಲ್ಲು ಉಬ್ಬುತ್ತದೆ, ಒಂದೂವರೆ ಪಟ್ಟು ಹಿಡಿದರೆ ಎಪ್ಪತ್ತೈದು ಲಕ್ಷದ ಆಸುಪಾಸು. ಹತ್ತು ಘನ ಮೀಟರಿನ ಟಿಪ್ಪರಿಗೆ ಏಳೂವರೆ ಲಕ್ಷ ಲೋಡು. ಆ ಟಿಪ್ಪರುಗಳು ಬರುವುದು ಆ ಚುಕ್ಕಿಗಳಿಂದಲೇ, ಹೋಗುವುದು ಯಾವುದೋ ಹಳ್ಳಿಯ ಹಳ್ಳಕ್ಕೆ, ಹಳೆಯ ಕ್ವಾರಿಗೆ, ಕೆರೆಯ ಅಂಚಿಗೆ. ನಮ್ಮ ಕೋಟೆಯ ಮೂರು ಸಾಲು ಕಂದಕವನ್ನು ಬಂಡೆಯಲ್ಲೇ ಕಡಿದವರು ಹೊರಬಂದ ಕಲ್ಲನ್ನು ಗೋಡೆಗೆ ಹಾಕಿದರು ಎಂದು ಮಕ್ಕಳಿಗೆ ಹೇಳುತ್ತಿದ್ದೆ. ನಿಮ್ಮ ಕಲ್ಲು ಎಲ್ಲಿಗೆ ಹೋಗುತ್ತದೆ ಎಂಬ ಪುಟ ಯೋಜನಾ ವರದಿಯಲ್ಲಿ ಎಷ್ಟು ದಪ್ಪವಿದೆ ಎಂದು ಕೇಳಿ ನೋಡಿ.

ಇಷ್ಟೆಲ್ಲ ತೂಗಿ ನೋಡಬೇಕಾದ ಕಾಗದಕ್ಕೆ ಪರಿಸರ ಪರಿಣಾಮ ಅಧ್ಯಯನ ಎಂದು ಹೆಸರು. ಕೇಂದ್ರದ 2006ರ ಅಧಿಸೂಚನೆಯ ಪಟ್ಟಿಯಲ್ಲಿ ರಾಷ್ಟ್ರೀಯ ಹೆದ್ದಾರಿಯಿದೆ, ರಾಜ್ಯ ಹೆದ್ದಾರಿಯಿದೆ. ನಗರದ ಒಳಗಿನ ಸುರಂಗ ರಸ್ತೆ ಎಂಬ ಸಾಲಿಲ್ಲ. ಹೀಗಾಗಿ ಕೋಳಿಫಾರಂ ಪಕ್ಕ ಹಾದುಹೋಗುವ ರಾಜ್ಯ ಹೆದ್ದಾರಿಗೆ ಬೇಕಾಗಬಹುದಾದ ಅಧ್ಯಯನ, ಲಾಲ್‌ಬಾಗಿನ ಪಕ್ಕ ಹೋಗುವ ಸುರಂಗಕ್ಕೆ ಬೇಕಿಲ್ಲ ಎಂದು ವಾದಿಸಲಿಕ್ಕೆ ಜಾಗವಿದೆ. ಆ ಪ್ರಶ್ನೆ ಹಸಿರು ನ್ಯಾಯಮಂಡಳಿಯ ಮುಂದೆ ಹೋಗಿದೆ. ಅಲ್ಲಿ ಏನೇ ಆಗಲಿ, ಅಧ್ಯಯನ ಮಾಡಬೇಡಿ ಎಂದು ಯಾವ ಕಾನೂನೂ ಸರ್ಕಾರವನ್ನು ತಡೆದಿಲ್ಲ. 1975ರ ಕರ್ನಾಟಕ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆಯ ನೆರಳಿನಲ್ಲಿ ನಿಮ್ಮ 240 ಎಕರೆ ಇದೆ. ಉದ್ಯಾನ ಎಷ್ಟು ಆಳದವರೆಗೆ ಉದ್ಯಾನ? 1760ರಲ್ಲಿ ಹೈದರಾಲಿ ನೆಡಿಸಿದ ತೋಟದ ಬೇರು ಇಳಿದಷ್ಟೇ? ಅದರಡಿಯ ನೀರಿನವರೆಗೆ? ಬಂಡೆಯ ಬುಡದವರೆಗೆ? ವಕೀಲರು ನಿಮ್ಮಲ್ಲೇ ಬಹಳ ಮಂದಿ ಇದ್ದೀರಿ. ಈ ಪ್ರಶ್ನೆಯನ್ನು ಮುಂಬೈಯವರೂ ಕೇಳಬೇಕಾಗಿದೆ, ಅಲ್ಲಿ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಅಡಿಯಲ್ಲೇ ಠಾಣೆ–ಬೋರಿವಲಿ ಜೋಡಿ ಸುರಂಗದ ಕೆಲಸ ನಡೆದಿದೆ. ನಮಗೆ ಹತ್ತಿರದ ದೊಡ್ಡ ಊರು ಹೈದರಾಬಾದು. ದವಾಖಾನೆಗೆಂದು ಹೋದಾಗೆಲ್ಲ ಕೆಬಿಆರ್ ಉದ್ಯಾನದ ಪಕ್ಕ ಹಾಯುತ್ತೇವೆ. ಅಲ್ಲಿ ಸುತ್ತಲಿನ ವೃತ್ತಗಳಿಗೆ ಮೇಲ್ಸೇತುವೆ, ಕೆಳಸೇತುವೆ ಎಂಬ ಯೋಜನೆ ಜನ ಎದ್ದಾಗ ಮಲಗಿತು, ವರ್ಷಗಳ ನಂತರ ಹೊಸ ಹೆಸರಲ್ಲಿ ಎದ್ದಿತು. ಗೆದ್ದೆವು ಎಂದು ಮನೆಗೆ ಹೋದವರು ಮತ್ತೆ ಬರಬೇಕಾಯಿತು.

ಕೊನೆಗೆ ನಿಮಗೆ ಕಹಿಯಾಗಬಹುದಾದ ಒಂದು ಮಾತು. ಬೇರೆ ಜಾಗ ಹುಡುಕುತ್ತೇವೆ ಎಂದು ಸರ್ಕಾರ ಹೇಳಿದಾಗ ನೀವು ಚಪ್ಪಾಳೆ ತಟ್ಟಿದಿರಿ. ಆ ಬೇರೆ ಜಾಗ ಯಾವುದು? ಲಾಲ್‌ಬಾಗಿನ ಗೋಡೆಯಿಂದ ಆಚೆ ಸಿದ್ದಾಪುರವಿದೆ. ಸಣ್ಣ ಮನೆಗಳು, ಕಿರಿದಾದ ಬೀದಿಗಳು, ಗಿಡ ಮಾರಿ ಬದುಕುವ ನರ್ಸರಿಗಳು. ಅಲ್ಲಿ 240 ಎಕರೆ ಇಲ್ಲ, ಹೂವಿನ ಪ್ರದರ್ಶನ ಇಲ್ಲ, ಗಾಜಿನ ಮನೆಯ ಚಿತ್ರ ಹಾಕಿ ಬರೆಯುವ ಪತ್ರಿಕೆಗಳೂ ಇಲ್ಲ. ಹೊಗೆ ಅಲ್ಲಿ ಮೇಲೆ ಬಂದರೆ ಅದನ್ನು ಲಾಲ್‌ಬಾಗ್ ಉಳಿಯಿತು ಎಂದು ಬರೆಯುತ್ತಾರೆ. ನೀರು? ನಿಮ್ಮ ಗೋಡೆಯ ಒಳಗಿನ ನೀರೂ ಅವರ ಬೀದಿಯ ಅಡಿಯ ನೀರೂ ಒಂದೇ ಪದರದ್ದು. ಗೋಡೆಯಿಂದ ನೂರು ಗಜ ಆಚೆ ಗುಂಡಿ ತೋಡಿದರೆ ನಿಮ್ಮ ಬೂರುಗದ ಮರಕ್ಕೆ ಗೊತ್ತಾಗುವುದಿಲ್ಲ ಎಂದುಕೊಂಡಿದ್ದರೆ ಓಸ್ಲೋದ ಆ ಸಣ್ಣ ಕೆರೆಯನ್ನು ಇನ್ನೊಮ್ಮೆ ನೆನೆಯಿರಿ. ಅದು ಸುರಂಗದ ಬಾಯಿಯ ಹತ್ತಿರ ಎಲ್ಲೂ ಇರಲಿಲ್ಲ.

ಹಾಗಾಗಿ ನನ್ನ ಬೇಡಿಕೆ ಸಣ್ಣದು. ಮುಂದಿನ ಸಲ ಅಧಿಕಾರಿಗಳು ನಿಮ್ಮ ನಡುವೆ ನಡೆಯಲು ಬಂದಾಗ ಎಷ್ಟು ಮರ ಎಂದು ಕೇಳಬೇಡಿ, ಅದಕ್ಕೆ ಅವರ ಹತ್ತಿರ ಉತ್ತರ ಸಿದ್ಧವಿದೆ. ಲಾಲ್‌ಬಾಗಿನ ಸುತ್ತ ಈ ತಿಂಗಳು ನೀರು ಎಷ್ಟು ಅಡಿಗೆ ಇದೆ, ಅದನ್ನು ಯಾರು ಯಾವ ಬಾವಿಯಲ್ಲಿ ಅಳೆದರು, ಯಾವ ಕಡೆಗೆ ಹರಿಯುತ್ತಿದೆ ಎಂದು ಕೇಳಿ. ಸಿದ್ದಾಪುರದ ನಾಲ್ಕು ಜನರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕೇಳಿ. ಅಳತೆ ಇಲ್ಲ ಎಂದರೆ, ಅಳತೆ ಬರುವವರೆಗೆ ಗುದ್ದಲಿ ಬೀಳಬಾರದು ಎನ್ನಿ. ಅಳತೆ ಬಂದು, ಅಪಾಯವಿಲ್ಲ ಎಂದು ತೋರಿದರೆ ಆಗ ಟೋಲಿನ ಬಗ್ಗೆ, ಕಾರಿನ ಬಗ್ಗೆ, ಅಷ್ಟೇ ದುಡ್ಡಿಗೆ ಎಷ್ಟು ಬಸ್ಸು ಬರುತ್ತವೆ ಎಂಬುದರ ಬಗ್ಗೆ ಜಗಳವಾಡಿ. ಅದು ನಿಮ್ಮೂರಿನ ಜಗಳ, ಅದರಲ್ಲಿ ನಾನು ಬಾಯಿ ಹಾಕುವುದಿಲ್ಲ.

ನೀವು ಯಾರಾದರೂ ಈ ಕಡೆ ಬಂದರೆ ನೌಬಾದಿಗೆ ಕರೆದುಕೊಂಡು ಹೋಗುತ್ತೇನೆ. ಕೋಟೆ, ಮದರಸಾ, ಬಿದ್ರಿ ಅಂಗಡಿ ಎಲ್ಲ ಆಮೇಲೆ. ಡಿಸೆಂಬರಿನಲ್ಲಿ ಬನ್ನಿ. ಮೇ ತಿಂಗಳಲ್ಲಿ ಬಂದರೆ ಬೈದುಕೊಳ್ಳುತ್ತೀರಿ.

ಇತಿ ನಿಮ್ಮವ,
ಬೀದರದ ಒಬ್ಬ ನಿವೃತ್ತ ಮಾಸ್ತರ